ನಡುಹಗಲಿನ ಸೂರು

ನಮ್ಮೂರಿನಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಕೇಳುತ್ತಿದ್ದದ್ದು ಆ ಮನೆಯ ಮಧ್ಯಾಹ್ನದ ಕನಸು ಯಾವುದು ಎಂದು. ಹುಡುಗಿಯ ಗುಣ, ಕೆಲಸ, ಮೈಬಣ್ಣ ಎಲ್ಲ ಆಮೇಲೆ. ಒಂದೇ ಸೂರಿನ ಕೆಳಗೆ ಹಗಲು ಮಲಗಿದವರಿಗೆಲ್ಲ ಒಂದೇ ಕನಸು ಬೀಳುತ್ತಿತ್ತು, ಅದೂ ಆ ಸೂರಿನಡಿ ಹೆಚ್ಚು ಜನ ಏನನ್ನು ನಂಬಿದ್ದರೋ ಅದೇ. ಹಾಗಾಗಿ ಸೊಸೆಯಾಗಿ ಬಂದವಳು ತವರಿನ ಕನಸನ್ನು ಬಿಟ್ಟು ಗಂಡನ ಮನೆಯದಕ್ಕೆ ಒಗ್ಗಿಕೊಳ್ಳಬೇಕಾಗುತ್ತಿತ್ತು. ಕೆಲವರು ಎಂಟು ದಿನದಲ್ಲಿ ಒಗ್ಗುತ್ತಿದ್ದರು. ಕೆಲವರು ವರ್ಷಗಟ್ಟಲೆ ಮಧ್ಯಾಹ್ನ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದರು. ನೆಂಟರು ಬಂದರೆ ಊಟವಾದ ಮೇಲೆ ಅವರಿಗೆ ಹೊರಗೆ ಮರದ ನೆರಳಿನಲ್ಲಿ ಹಾಸಿಕೊಡುವುದು ಮರ್ಯಾದೆ. ಸೂರಿಲ್ಲದ ಕಡೆ ಕನಸಿರಲಿಲ್ಲ, ಬರೀ ನಿದ್ದೆಯಿತ್ತು.

ನಾನು ಯಾಸೋನ. ಹೆಂಚು ಸುಡುವುದು, ಮಾಡು ಹೊದಿಸುವುದು ನಮ್ಮ ಮನೆತನದ ಕೆಲಸ. ಊರು ಬಿಳಿಮಣ್ಣಿನದು, ಒಂದು ಕಡೆ ಉಪ್ಪಿನ ಗಾಡಿಗಳು ಬರುವ ದಾರಿ, ಇನ್ನೊಂದು ಕಡೆ ಅಗಲವಾದ, ಸದ್ದಿಲ್ಲದ ನದಿ. ಶಿಲುಬೆಯ ಪ್ರಭುವಿನ ಸುದ್ದಿ ನಮ್ಮಲ್ಲಿಗೆ ಈ ಎರಡು ಕಡೆಯಿಂದಲೂ ಬಂದಿತ್ತು, ನನ್ನ ತಾತನ ಕಾಲದಲ್ಲಿ. ಉಪ್ಪಿನ ದಾರಿಯಲ್ಲಿ ಬಂದವರು ಒಂದು ರೀತಿ ಹೇಳಿದ್ದರು, ದೋಣಿಯಲ್ಲಿ ಬಂದವರು ಇನ್ನೊಂದು ರೀತಿ. ನಮ್ಮ ಹೆಂಚಿನ ಕೇರಿಯ ಕನಸಿನಲ್ಲಿ ಪ್ರಭು ನಮ್ಮಂತೆಯೇ ಒಬ್ಬ ಕೆಲಸಗಾರ. ಮರಕ್ಕೆ ಉಳಿ ಹಾಕುತ್ತಿರುತ್ತಾನೆ. ಆಮೇಲೆ ಎದ್ದು ಹೊಳೆಗೆ ಹೋಗುತ್ತಾನೆ, ಮುಳುಗುತ್ತಾನೆ. ಮೇಲೇಳುವಾಗ ಆಕಾಶದಿಂದ ಯಾರೋ 'ಮಗನೇ' ಎಂದು ಕರೆಯುತ್ತಾರೆ. ಕರೆದದ್ದು ಯಾರನ್ನು ಎಂದು ಅವನು ಒದ್ದೆ ತಲೆಯಲ್ಲೇ ಹಿಂದೆ ಮುಂದೆ ನೋಡುತ್ತಾನೆ. ಅಲ್ಲಿಗೆ ನಮಗೆ ಎಚ್ಚರವಾಗುತ್ತಿತ್ತು. ಅವನು ಒಳ್ಳೆಯ ಮನುಷ್ಯ, ದೇವರು ಮೆಚ್ಚಿ ಮಗನಾಗಿ ತೆಗೆದುಕೊಂಡ. ಅದಕ್ಕಿಂತ ಹೆಚ್ಚಿನದನ್ನು ನಮ್ಮ ಕೇರಿಯವರು ಕೇಳಿದವರಲ್ಲ.

ನನ್ನ ಹೆಂಡತಿ ಲೋವಿ ಅಂಬಿಗರ ಕೇರಿಯವಳು. ಅವರ ಕನಸಿನಲ್ಲಿ ಪ್ರಭುವಿನ ಪಾದ ಮರಳಿಗೆ ತಾಕುತ್ತಿರಲಿಲ್ಲ. ಹಿಡಿಯಲು ಬಂದವರ ಕೈಗೆ ಬರೀ ಅಂಗಿ ಸಿಗುತ್ತಿತ್ತು. ಸೈನಿಕರು ಶಿಲುಬೆಗೆ ಹೊಡೆದದ್ದು ನೆರಳನ್ನು. ಅವನು ಆಚೆ ದಡದಲ್ಲಿ ಕುಳಿತು ಅದನ್ನು ನೋಡಿ ನಗುತ್ತಿದ್ದ. ಮೈಯೆನ್ನುವುದೇ ತೋರಿಕೆ ಎಂದ ಮೇಲೆ ಅದಕ್ಕೆ ಅಳುವುದೇಕೆ? ಅಂಬಿಗರು ಸತ್ತವರನ್ನು ತೊಳೆಯುತ್ತಿರಲಿಲ್ಲ, ಹೂಳುತ್ತಿರಲಿಲ್ಲ, ಅದೇ ದಿನ ನದಿಗೆ ಬಿಟ್ಟು ಮನೆಗೆ ಬಂದು ಊಟ ಮಾಡುತ್ತಿದ್ದರು. ನನ್ನ ಅತ್ತೆ ನುಂಫಾ ಆ ಕೇರಿಗೆಲ್ಲ ಹಿರಿಯಳು. ಆಕೆಯ ಮಾತಿಗೆ ಗಂಡಸರೂ ಎದುರು ಹೇಳುತ್ತಿರಲಿಲ್ಲ.

ಲೋವಿ ನಮ್ಮ ಕನಸಿಗೆ ಒಗ್ಗಲಿಲ್ಲ. ಪ್ರಯತ್ನಪಟ್ಟಳು, ಆಗಲಿಲ್ಲ. ಕೊನೆಗೆ ಮಧ್ಯಾಹ್ನದ ಮಟ್ಟಿಗೆ ತಾಯಿಯ ಮನೆಗೆ ಹೋಗಿ ಬಾ ಎಂದು ನಾನೇ ಹೇಳಿದೆ. ಉಂಡ ತಟ್ಟೆ ತೊಳೆದಿಟ್ಟು, ಚಾಪೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ಬೀದಿ ದಾಟುತ್ತಿದ್ದ ಅವಳನ್ನು ನೋಡಿ ನಮ್ಮ ಕೇರಿಯವರು ನಗುತ್ತಿದ್ದರು. ನಮಗೆ ಒಬ್ಬಳೇ ಮಗಳು, ರೋದೆ. ನಾಲ್ಕು ವರ್ಷದವಳಿದ್ದಾಗ ದೋಣಿಯ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದಳು. ನಾನು ಊರಾಚೆ ಕೆಲಸದಲ್ಲಿದ್ದೆ. ಸುದ್ದಿ ತಿಳಿದು ಓಡಿ ಬರುವ ಹೊತ್ತಿಗೆ ನುಂಫಾ ಸತ್ತ ಮಗುವನ್ನು ನದಿಯ ನಡುವಿಗೆ ಒಯ್ದು ಬಿಟ್ಟುಬಂದಿದ್ದಳು. ಅದು ಬರೀ ಬಟ್ಟೆ, ಮಗು ಬಟ್ಟೆ ಕಳಚಿಟ್ಟು ಹೋಯಿತು ಎಂದು ಲೋವಿಗೆ ಹೇಳಿದಳಂತೆ. ಲೋವಿ ಅಳಲಿಲ್ಲ. ಮೂರನೆಯ ಮಧ್ಯಾಹ್ನ ಅಂಬಿಗರ ಮನೆಯ ಕನಸಿನಲ್ಲಿ ರೋದೆ ಬಂದಳು. ಆಚೆ ದಡದಲ್ಲಿ ಪ್ರಭುವಿನ ಪಕ್ಕ ಕುಳಿತು ಕಾಲು ಕುಣಿಸುತ್ತಿದ್ದಳು. ಮನೆಯ ಹದಿನಾಲ್ಕು ಜನವೂ ಕಂಡರು. ಆಮೇಲೆ ದಿನವೂ ಬಂದಳು.

ಒಮ್ಮೆ ನಾನೂ ಹೋಗಿ ಮಲಗಿದೆ. ಕಂಡಳು. ಕರೆದೆ. ನನ್ನ ಕಡೆ ನೋಡಿ ನಕ್ಕಳು. ಗುರುತು ಹಿಡಿದು ನಕ್ಕಳೋ, ಎಲ್ಲರಿಗೂ ನಗುವಂತೆ ನಕ್ಕಳೋ ತಿಳಿಯಲಿಲ್ಲ. ಮತ್ತೆ ಹೋಗಲಿಲ್ಲ.

ಕೇರಿ ಕೇರಿಗಳ ನಡುವೆ ಮುಂಚಿನಿಂದಲೂ ಮುನಿಸಿತ್ತು. ಆ ವರ್ಷಗಳಲ್ಲಿ ಅದು ಜಗಳಕ್ಕೆ ತಿರುಗಿತು. ಒಬ್ಬರ ಪ್ರಾರ್ಥನೆಯ ರೊಟ್ಟಿ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಪ್ರಭುವಿನ ಹೆಜ್ಜೆ ಮರಳಲ್ಲಿ ಮೂಡುತ್ತಿತ್ತೋ ಇಲ್ಲವೋ ಎಂದು ಸಂತೆಯಲ್ಲಿ ಹೊಡೆದಾಡಿ ಇಬ್ಬರ ಹಲ್ಲು ಬಿದ್ದವು. ಇದರ ನಡುವೆ ಉಪ್ಪಿನ ದಾರಿಯಲ್ಲಿ, ಪ್ರಭುವನ್ನು ನಂಬಿದವರ ಸಭಾಧ್ಯಕ್ಷ ಸಿಲ್ವಾನರು ಬಂದರು. ದೊಡ್ಡ ಪಟ್ಟಣದಲ್ಲಿ ಅಧಿಕಾರಿಗಳು ಪ್ರಭುವಿನವರನ್ನು ಹುಡುಕಿ ಹುಡುಕಿ ಕೊಲ್ಲಿಸಿದ ಕಾಲ ಅದು. ಅಲ್ಲಿಂದ ತಪ್ಪಿಸಿಕೊಂಡ ನಲವತ್ತು ಸಂಸಾರಗಳು ಅವರ ಹಿಂದೆ ಬಂದವು. ಸಿಲ್ವಾನರ ಎಡಗಾಲು ಎಳೆಯುತ್ತಿತ್ತು. ಮೃದುವಾಗಿ ಮಾತಾಡುತ್ತಿದ್ದರು, ಹೇಳಿದ್ದನ್ನು ಎರಡನೆಯ ಸಲ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹೆಂಚು ಸುಡುವ ಆವಿಗೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತು, ಒಂದು ಹೆಂಚು ಎತ್ತಿ ಬೆರಳ ಗಿಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಊರಿಗೆಲ್ಲ ಆಗುವಷ್ಟು ದೊಡ್ಡ ಸೂರು ಹಾಕಲು ಆಗುತ್ತದೆಯೇ ಎಂದು ವಿಚಾರಿಸಿದರು. ಕಂಬ, ತೊಲೆ ಸಿಕ್ಕರೆ ಆಗುತ್ತದೆ ಎಂದೆ. ನಡುವೆ ಗೋಡೆ ಬೇಡ ಎಂದರು. ಅಲ್ಲಿ ಯಾವ ಕನಸು ಬೀಳುತ್ತದೆ ಎಂದು ಕೇಳಿದೆ. ಹೆಚ್ಚು ಜನ ನಂಬಿದ್ದು ಎಂದರು. ತಮ್ಮ ನಲವತ್ತು ಸಂಸಾರ, ರೊಟ್ಟಿ ಸುಡುವವರು, ಬಟ್ಟೆಯವರು, ಜೊತೆಗೆ ನಮ್ಮ ಕೇರಿಯೂ ಸೇರಿದರೆ ಸಾಕಾಗುತ್ತದೆ ಎನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ನಿಮ್ಮ ಕನಸು ತಪ್ಪಲ್ಲ, ಅರ್ಧ ಎಂದರು. ಪ್ರಭು ಪೂರಾ ಮನುಷ್ಯ, ಪೂರಾ ದೇವರು. ಹುಟ್ಟಿದ್ದು ನಿಜ, ಸತ್ತದ್ದು ನಿಜ, ಎದ್ದದ್ದೂ ನಿಜ. ನಾನು ಅಂಬಿಗರ ಮಾತೆತ್ತಿದೆ.

ಹೆಂಚನ್ನು ಕೆಳಗಿಟ್ಟು ಅವರು ಹೇಳಿದರು: "ನನ್ನ ತಮ್ಮ ತೋರಿಕೆಗೆ ಸಾಯ್ಲಿಲ್ಲ ಯಾಸೋನ. ನಾನು ಹತ್ತಿರದಲ್ಲೇ ನಿಂತಿದ್ದೆ. ಪ್ರಭು ನೋವಿಲ್ಲದೆ ಆಚೆ ದಡದಲ್ಲಿ ಕೂತು ನಗ್ತಾ ಇದ್ರೆ, ಆ ಹೊತ್ತಲ್ಲಿ ನನ್ನ ತಮ್ಮನ ಜೊತೆ ಯಾರಿದ್ರು?"

ಕೆಲಸ ಒಪ್ಪಿಕೊಂಡೆ.

ನಮ್ಮ ಕೇರಿಯ ಹಿರಿಯರು ಎರಡೇ ಸಲ ಕೂಡಿ ಮಾತಾಡಿ ಒಪ್ಪಿದರು. ಮನುಷ್ಯ ಎಂಬ ಮಾತು ಅದರಲ್ಲೂ ಇದೆಯಲ್ಲ ಎಂದರು. ಪ್ರಭು ಎದ್ದ ಪಾಸ್ಕ ಹಬ್ಬದಿಂದ ಮನೆಗಳಲ್ಲಿ ಹಗಲು ಮಲಗುವುದು ನಿಲ್ಲಬೇಕು, ಮರದ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಚಾಪೆ ಹಿಡಿದು ದೊಡ್ಡ ಸೂರಿಗೆ ಬರಬೇಕು, ಬಾರದವರಿಗೆ ಪ್ರಭುವಿನ ರೊಟ್ಟಿಯಿಲ್ಲ ಎಂದು ಗೊತ್ತುಮಾಡಿದರು. ಅಂಬಿಗರು ಇಪ್ಪತ್ತೆಂಟು ಮನೆ. ಅವರ ಮಾತು ನಡೆಯಲಿಲ್ಲ.

ಲೋವಿ ಈ ಬಗ್ಗೆ ನನ್ನ ಹತ್ತಿರ ಜಗಳವಾಡಲಿಲ್ಲ. ತೊಲೆ ಏರಿಸಿದ ದಿನ ನನಗೆ ಗಂಜಿ ಬಡಿಸುತ್ತ, "ಅಲ್ಲಿ ರೋದೆ ಬರಲ್ಲ," ಎಂದಳು. ಅಷ್ಟೇ. ಉಪ್ಪು ಮುಂದಿಟ್ಟು ಒಳಗೆ ಹೋದಳು.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ದೊಡ್ಡ ಸೂರಿಗೆ ಉತ್ತರದ ಬದಿಯಲ್ಲಿ ಕೆಳಕ್ಕೆ ಚಾಚಿಕೊಂಡ ಒಂದು ಇಳಿಮಾಡು ಇತ್ತು. ಅದು ದೊಡ್ಡ ಮಾಡಿಗೆ ಸೇರಬೇಕಾದಲ್ಲಿ, ಉದ್ದಕ್ಕೂ ಒಂದು ಗೇಣು ಸಂದು ಬಿಟ್ಟೆ. ಕೆಳಗಿನಿಂದ ನೋಡಿದರೆ ತೊಲೆಯ ಅಂಚಿನಂತೆ ಕಾಣಬೇಕು, ಹಾಗೆ ಹಲಗೆ ಕೂರಿಸಿದೆ. ನಮ್ಮದು ಮಳೆ ಕಾಣದ ಊರು, ಸೋರಿ ತಿಳಿಯುವ ಹೆದರಿಕೆಯಿರಲಿಲ್ಲ. ಹೊರಗಿನವರಿಗೆ ಅದು ಒಂದೇ ಸೂರು; ನನ್ನ ಲೆಕ್ಕದಲ್ಲಿ ಎರಡು. ಹಬ್ಬದ ದಿನ ನಿಮ್ಮ ಕೇರಿಯವರೆಲ್ಲ ಉತ್ತರದ ಬದಿಗೆ ಚಾಪೆ ಹಾಸಿ ಎಂದು ಲೋವಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

ಆ ಮಧ್ಯಾಹ್ನ ಆರುನೂರು ಜನ ಒಟ್ಟಿಗೆ ಮಲಗಿದೆವು. ಅಷ್ಟು ಜನರ ಉಸಿರು ಒಂದಾಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನದಿಯೇ ಮಾಡಿನ ಮೇಲೆ ಹರಿದಂತಿತ್ತು. ಆಮೇಲೆ ಕನಸು ಬಂತು. ಪ್ರಭುವನ್ನು ಶಿಲುಬೆಯಿಂದ ಇಳಿಸುತ್ತಿದ್ದರು. ತಲೆ ಒಂದು ಕಡೆಗೆ ವಾಲಿತ್ತು. ಕೈಗಳು ಕೆಳಗೆ ಜೋತಾಡುತ್ತಿದ್ದವು. ಹೆಂಗಸರು ನೀರಿನ ಬಟ್ಟಲು, ಬಟ್ಟೆ ಹಿಡಿದು ಕಾಯುತ್ತಿದ್ದರು. ನಾವೆಲ್ಲ ದೂರದಲ್ಲಿ ನಿಂತು ನೋಡುತ್ತಿದ್ದೆವು. ಎದ್ದಾಗ ನಮ್ಮ ಬದಿಯವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಉತ್ತರದ ಬದಿಯಲ್ಲಿ ಮಾತ್ರ ಜನ ಸದ್ದಿಲ್ಲದೆ ಚಾಪೆ ಸುತ್ತುತ್ತಿದ್ದರು. ಲೋವಿಯ ಮುಖ ಹಗುರವಾಗಿತ್ತು.

ಉತ್ತರದ ಬದಿಯಲ್ಲಿ ಅಂಬಿಗರ ಕನಸೇ ಬೀಳುತ್ತದೆ, ಸತ್ತವರು ಆಚೆ ದಡದಲ್ಲಿ ಕಾಣುತ್ತಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೇಗೆ ಹೋಯಿತೋ ತಿಳಿಯದು. ಹತ್ತು ದಿನ ಕಳೆಯುವುದರೊಳಗೆ ಯಾರನ್ನೋ ಕಳೆದುಕೊಂಡವರು ಒಬ್ಬೊಬ್ಬರಾಗಿ ಉತ್ತರದ ಬದಿಗೆ ಬರತೊಡಗಿದರು. ರೊಟ್ಟಿಯಂಗಡಿಯ ಫೊಯಿಬೆ, ಗಂಡ ಸತ್ತವಳು, ಬಂದಳು. ಸಿಲ್ವಾನರ ನಲವತ್ತು ಸಂಸಾರದವರೂ ಕೆಲವರು ಬಂದರು. ಅಧಿಕಾರಿಗಳು ಕೊಲ್ಲಿಸಿದವರ ತಾಯಂದಿರು ಅವರು. ಜಾಗ ಸಾಲದೆ ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದರು. ನಡುವೆ ದೊಡ್ಡ ಜಾಗ ಖಾಲಿ ಬಿದ್ದಿರುತ್ತಿತ್ತು. ಅದೇ ನಮ್ಮನ್ನು ಹಿಡಿದುಕೊಟ್ಟಿತು. ಒಂದು ಮಧ್ಯಾಹ್ನ ಸಿಲ್ವಾನರು ಮಲಗದೆ ಉತ್ತರದ ಬದಿಗೆ ಬಂದು ನಿಂತರು. ಮಲಗಿದ್ದ ಫೊಯಿಬೆಯ ಕೆನ್ನೆಯ ಮೇಲೆ ದಾರದಂಥ ಒಂದು ಬಿಸಿಲುಗೆರೆ ಬಿದ್ದಿತ್ತು. ಅವರು ತಲೆಯೆತ್ತಿ ಮೇಲೆ ನೋಡಿದರು.

ನನ್ನನ್ನು ತಮ್ಮ ಗುಡಿಸಲಿಗೆ ಕರೆಸಿದರು. ಮಾಡಿದ್ದು ನೀನೇನಾ ಎಂದು ಕೇಳಲಿಲ್ಲ, ಯಾಕೆ ಎಂದು ಕೇಳಿದರು. ರೋದೆಯ ವಿಷಯ ಹೇಳಿದೆ. ಮೆಟ್ಟಿಲು, ನದಿ, ಕಾಲು ಕುಣಿಸುತ್ತಿದ್ದದ್ದು, ಎಲ್ಲ. ಎಷ್ಟು ವರ್ಷದವಳು ಎಂದರು. ನಾಲ್ಕು ಎಂದೆ. ತುಂಬ ಹೊತ್ತು ಅವರು ತಮ್ಮ ಕಾಲನ್ನು ಉಜ್ಜಿಕೊಳ್ಳುತ್ತ ಕುಳಿತಿದ್ದರು.

"ಸಂದು ಮುಚ್ಚು," ಎಂದರು.

ನನ್ನಿಂದ ಆಗುವುದಿಲ್ಲ ಎಂದೆ.

"ಬೇರೆಯವರ ಕೈಲಿ ಮುಚ್ಚಿಸಿದ್ರೆ ಸಂದು ಇತ್ತು ಅಂತ ಊರಿಗೆ ಗೊತ್ತಾಗುತ್ತೆ. ಆಮೇಲೆ ನಿನ್ನನ್ನೂ ಅವಳನ್ನೂ ಇಲ್ಲಿ ಇರೋಕೆ ಬಿಡಲ್ಲ. ಹೀಗೇ ಬಿಟ್ರೆ ನಾಳೆ ಊರು ಮತ್ತೆ ಎರಡಾಗುತ್ತೆ, ನಾಡಿದ್ದು ನಾಲ್ಕಾಗುತ್ತೆ. ಹೊರಗೆ ಸೈನಿಕರು ಇದ್ದಾರೆ ಯಾಸೋನ. ಚೂರುಚೂರಾಗಿದ್ರೆ ನಾವು ಉಳಿಯಲ್ಲ." ಎದ್ದು ಬಾಗಿಲವರೆಗೆ ಬಂದು, ನಾಲ್ಕು ದಿನ ಕೊಡುತ್ತೇನೆ ಎಂದರು.

ನಾನು ಲೋವಿಗೆ ಹೇಳಿದೆ, ಅವಳು ತಾಯಿಗೆ ಹೇಳಿದಳು. ಆ ನಾಲ್ಕು ದಿನದಲ್ಲಿ ನುಂಫಾ ತೀರ್ಮಾನ ಮಾಡಿದಳು. ದೊಡ್ಡ ದೋಣಿಯಲ್ಲಿ ನದಿಯ ಮೇಲಕ್ಕೆ, ಜೊಂಡು ಬೆಳೆದ ಸೀಮೆಗೆ ಹೋಗಿಬಿಡುವುದು ಎಂದು. ಜೊತೆಗೆ ಹನ್ನೊಂದು ಜನ ಹೊರಟರು. ಉಳಿದ ಅಂಬಿಗರಿಗೆ ಮನೆ, ದೋಣಿ, ಗಿರಾಕಿಗಳನ್ನು ಬಿಡುವ ಮನಸ್ಸಾಗಲಿಲ್ಲ. ಹೊರಡುವ ಮುಂಚೆ ಆಕೆ ನನ್ನ ಆವಿಗೆಯ ಹತ್ತಿರ ಬಂದಳು. ಮದುವೆಯಾದ ಮೇಲೆ ಅಲ್ಲಿಗೆ ಬಂದದ್ದು ಅದೇ ಮೊದಲು.

"ಸೂರು ಕಟ್ಟೋರೂ ನೀವೇ, ಸಂದು ಮುಚ್ಚೋರೂ ನೀವೇ ಅಳಿಯಂದಿರೇ," ಎಂದಳು. "ಬೈಯೋಕೆ ಬಂದಿಲ್ಲ. ದೋಣಿ ಮೇಲೊಂದು ಕಟ್ಟಿಕೊಡಿ. ಬಯಲಲ್ಲಿ ಮಲಗಿದ್ರೆ ನಮಗೇನು ಕಾಣುತ್ತೆ?"

ಬಿದಿರು ಬಗ್ಗಿಸಿ, ಮೇಲೆ ಎರಡು ಪದರ ಚಾಪೆ ಹೊದಿಸಿ ಕಟ್ಟಿಕೊಟ್ಟೆ. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಗಂಟುಮೂಟೆ ಏರಿಸುವಾಗ ಲೋವಿಯ ಚಾಪೆಯೂ ಅದರಲ್ಲಿ ಹೋಯಿತು. ನಾನು ನೋಡಿದೆ. ಇರು ಎನ್ನುವ ಬಾಯಿ ನನಗಿರಲಿಲ್ಲ.

ನಾಲ್ಕನೆಯ ದಿನ, ಹೊರಡುವ ಮೊದಲು ಅವರು ದೋಣಿಯನ್ನು ಕಟ್ಟಿಹಾಕಿಕೊಂಡೇ ಒಂದು ನಿದ್ದೆ ಮಾಡಿದರು. ಊರೆಲ್ಲ ದೊಡ್ಡ ಸೂರಿನಲ್ಲಿತ್ತು. ನಾನೊಬ್ಬ ಮೆಟ್ಟಿಲ ಮೇಲೆ ಕುಳಿತಿದ್ದೆ. ನೀರು ದೋಣಿಯ ಹೊಟ್ಟೆಗೆ ತಟ್ಟುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಚಾಪೆಯ ಸೂರಿನೊಳಗೆ ಅವರು ನನ್ನ ಮಗಳನ್ನು ನೋಡುತ್ತಿದ್ದಾರೆ, ನಾನು ಹೊರಗೆ ಬಿಸಿಲಲ್ಲಿದ್ದೇನೆ ಎಂದುಕೊಂಡೆ. ಎದ್ದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಅಲುಗಾಟವಾಯಿತು. ಮೊದಲು ಹೊರಗೆ ಬಂದವಳು ಲೋವಿ. ಕಂಕುಳಲ್ಲಿ ಚಾಪೆಯಿತ್ತು. ಹಲಗೆಯ ಮೇಲೆ ನಡೆದು ಮೆಟ್ಟಿಲಿಗೆ ಇಳಿದಳು. ಹಿಂದೆ ಬಂದ ನುಂಫಾ ಏನಾಯಿತೆಂದು ಕೇಳಿದಳು.

"ಅವಳನ್ನ ಒಂದ್ಸಲ ಎತ್ಕೊಳ್ಳೋಣ ಅಂತ ಹೋದೆ ಅವ್ವ. ಕೈಗೆ ಸಿಗಲಿಲ್ಲ," ಎಂದಳು ಲೋವಿ. "ಇಷ್ಟು ವರ್ಷದಲ್ಲಿ ಒಂದಿನವೂ ಸಿಕ್ಕಿಲ್ಲ. ನಗ್ತಾಳೆ ಅಷ್ಟೇ."

"ಸಿಗೋಂಥದ್ದಲ್ಲ ಅದು."

"ಗೊತ್ತು ಅವ್ವ. ನಂಗೆ ಎತ್ಕೋಬೇಕು."

ನುಂಫಾ ಮಗಳ ನೆತ್ತಿಯ ಮೇಲೆ ಕೈಯಿಟ್ಟಳು. ಆಮೇಲೆ ದೋಣಿಗೆ ಹತ್ತಿ ಹಗ್ಗ ಬಿಚ್ಚಲು ಹೇಳಿದಳು. ತಿರುವಿನವರೆಗೆ ದೋಣಿ ಕಾಣುತ್ತಿತ್ತು. ಆಕೆ ಹಿಂದಿರುಗಿ ನೋಡಲಿಲ್ಲ, ಅಥವಾ ಸೂರಿನ ಮರೆಯಿಂದ ನೋಡಿದ್ದರೆ ನಮಗೆ ಕಾಣಲಿಲ್ಲ. ಆ ಸಂಜೆ ಏಣಿ ಹಾಕಿ ಸಂದು ಮುಚ್ಚಿದೆ. ಕೆಳಗೆ ನಿಂತು ಒಂದೊಂದೇ ಹೆಂಚು ನನ್ನ ಕೈಗೆ ಎತ್ತಿಕೊಟ್ಟವಳು ಲೋವಿ.

ಮರುದಿನ ಮಧ್ಯಾಹ್ನ ನಾವಿಬ್ಬರೂ ದೊಡ್ಡ ಸೂರಿನ ನಡುವೆ ಪಕ್ಕಪಕ್ಕ ಮಲಗಿದೆವು. ಹಗಲು ಹೀಗೆ ಒಟ್ಟಿಗೆ ಮಲಗಿ ಎಷ್ಟೋ ವರ್ಷವಾಗಿತ್ತು. ಅದೇ ಕನಸು ಬಂತು. ಇಳಿಸಿದ ಮೈಯನ್ನು ಕಲ್ಲಿನ ಮೇಲೆ ಮಲಗಿಸಿದರು. ನಾವು ಎಂದಿನಂತೆ ದೂರದಲ್ಲಿದ್ದೆವು. ಆಗ ನಮ್ಮ ನಡುವಿನಿಂದ ಲೋವಿ ಮುಂದೆ ಹೋದಳು. ಬಟ್ಟಲು ಹಿಡಿದು ನಿಂತಿದ್ದ ಹೆಂಗಸು ಅವಳಿಗೆ ಜಾಗ ಬಿಟ್ಟಳು. ಲೋವಿ ಬಟ್ಟೆ ಅದ್ದಿ ಹಿಂಡಿ ಆ ತೋಳನ್ನು ಎತ್ತಿದಳು. ತೋಳು ಭಾರವಾಗಿತ್ತು, ಒಂದೇ ಕೈಗೆ ಬರಲಿಲ್ಲ; ಮೊಣಕಾಲು ಊರಿ ಎದೆಗೆ ಆನಿಸಿಕೊಂಡಳು. ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ಮಕ್ಕಳಿಗೆ ಸ್ನಾನ ಮಾಡಿಸುವಾಗ ಎಲ್ಲೆಲ್ಲಿ ತೊಳೆಯುತ್ತಾರೋ ಅಲ್ಲೆಲ್ಲ ತೊಳೆದಳು. ಅವಸರ ಮಾಡಲಿಲ್ಲ. ನನಗೂ ಮುಂದೆ ಹೋಗಬೇಕೆನಿಸಿತು, ನಿಂತಲ್ಲೇ ನಿಂತು ನೋಡಿದೆ.

ಕನಸು ಎಲ್ಲರದೂ ಒಂದೇ ಆದ್ದರಿಂದ ಆರುನೂರು ಜನವೂ ಅದನ್ನು ಕಂಡರು. ಎಚ್ಚರವಾದಾಗ ಯಾರೂ ಏಳಲಿಲ್ಲ. ಎಲ್ಲರೂ ಅವಳ ಕಡೆಗೆ ತಿರುಗಿದ್ದರು. ಲೋವಿ ಚಾಪೆಯ ಮೇಲೆ ಕುಳಿತು ಅಳುತ್ತಿದ್ದಳು. ಮೂರು ವರ್ಷದ ಮೇಲೆ, ಬಾಯಿ ತೆರೆದು, ಮಗಳ ಹೆಸರು ಹಿಡಿದು ಅಳುತ್ತಿದ್ದಳು. ಫೊಯಿಬೆ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಸಿಲ್ವಾನರು ಕಂಬಕ್ಕೆ ಒರಗಿ ನಿಂತಿದ್ದರು. ಅವರು ಮಲಗಿರಲಿಲ್ಲ. ಮಧ್ಯಾಹ್ನ ಅವರು ಮಲಗಿದ್ದನ್ನು ಯಾರೂ ಕಂಡೇ ಇಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ರೋದೆ ಮತ್ತೆ ಯಾರ ಕನಸಿಗೂ ಬರಲಿಲ್ಲ. ಹದಿನೆಂಟು ವರ್ಷ ಕಳೆದವು. ಊರಿನಲ್ಲಿ ಜಗಳಗಳು ನಿಂತವು. ಸೈನಿಕರು ಎರಡು ಸಲ ಬಂದರು. ಎರಡು ಸಲವೂ ನಾವು ಒಟ್ಟಿಗೆ ನಿಂತೆವು, ಉಳಿದೆವು. ಹೆಣ್ಣು ನೋಡಲು ಹೋದವರು ಈಗ ಮೈಬಣ್ಣವನ್ನೇ ಮೊದಲು ಕೇಳುತ್ತಾರೆ. ಸಭೆಯ ಹಿರಿಯರು ಒಂದು ಪುಸ್ತಕ ಬರೆಸಿದರು. ಈ ಊರಿನಲ್ಲಿ ಮೊದಲಿನಿಂದಲೂ ಒಂದೇ ಕನಸು ಇತ್ತು, ನಡುವೆ ಕೆಲವರು ದಾರಿ ತಪ್ಪಿದ್ದರು ಎಂದು ಅದರಲ್ಲಿದೆ. ಬರೆದವರಿಗೆ ಸುಳ್ಳು ಹೇಳುತ್ತಿದ್ದೇವೆಂದು ಅನಿಸಿರಲಾರದು. ಅವರು ಆಗ ಸಣ್ಣವರು. ಅಂಬಿಗರ ಕನಸನ್ನು ಬಾಯಲ್ಲಿ ಹೇಳುವುದು ಸಹ ತಪ್ಪು ಎಂದು ಸಿಲ್ವಾನರೇ ಕಟ್ಟು ಮಾಡಿದ್ದರು. ಲೋವಿ ಊರಿನಲ್ಲಿ ಯಾರು ಸತ್ತರೂ ಹೋಗಿ ತೊಳೆದು ಬಟ್ಟೆ ಸುತ್ತಿ ಕೊಡುತ್ತಿದ್ದಳು. ಅಂಬಿಗರ ಮನೆಯವರೂ ಅವಳನ್ನು ಕರೆಯುತ್ತಿದ್ದರು.

ಈ ವರ್ಷ ಬೇಸಿಗೆಯಲ್ಲಿ ಸಿಲ್ವಾನರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ, ಎಲ್ಲರೂ ಸೂರಿಗೆ ಹೋಗುವ ಹೊತ್ತಿಗೆ, ಲೋವಿಯನ್ನು ಕರೆಸಿದರು. ಜೊತೆಗೆ ನಾನೂ ಹೋದೆ. ಅವರ ಮೈ ಹಾಸಿಗೆಯಲ್ಲಿ ಒಂದು ಮಡಿಸಿದ ಬಟ್ಟೆಯಷ್ಟಾಗಿತ್ತು. ಬಾಗಿಲು ಹಾಕಲು ನನಗೆ ಸನ್ನೆ ಮಾಡಿದರು.

"ಲೋವಿ, ನಿಮ್ಮವ್ವನ ಮನೆ ಕನಸು ನೆನಪಿದೆಯಾ?"

ಲೋವಿ ನನ್ನ ಕಡೆ ನೋಡಿದಳು. ಆಮೇಲೆ, "ಇದೆ ಅಯ್ಯನವರೇ," ಎಂದಳು.

"ಪ್ರಭು ನಿಜವಾಗ್ಲೂ ನಗ್ತಾ ಇದ್ರಾ?"

"ನಗ್ತಾ ಇದ್ರು. ಹಲ್ಲು ಕಾಣೋ ಹಾಗೆ."

"ಹೇಳು."

ಅವಳು ನೆಲದ ಮೇಲೆ ಕುಳಿತು ಮೊದಲಿನಿಂದ ಹೇಳಿದಳು. ಮರಳಿಗೆ ತಾಕದ ಪಾದ, ಕೈಯಲ್ಲಿ ಉಳಿದ ಅಂಗಿ, ಮೊಳೆ ಹೊಡೆಸಿಕೊಂಡ ನೆರಳು, ಆಚೆ ದಡ, ಅಲ್ಲಿ ಕಾಲು ಕುಣಿಸುತ್ತಿದ್ದ ರೋದೆ. ಹದಿನೆಂಟು ವರ್ಷ ಬಾಯಿಗೆ ಬಾರದ ಮಾತುಗಳು ಒಂದೂ ತಪ್ಪದೆ ಬಂದವು. ಸಿಲ್ವಾನರು ಕಣ್ಣು ಮುಚ್ಚಿ ಕೇಳುತ್ತಿದ್ದರು. ದಡದಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರು. ತುಂಬ ಜನ ಇದ್ದರು, ಗುರುತಿಲ್ಲದವರು ಎಂದಳು ಲೋವಿ.

"ನನ್ನ ತಮ್ಮ. ಇಪ್ಪತ್ತು ವರ್ಷದವನು. ಎಡಗಿವಿ ಅಂಚಲ್ಲಿ ಸ್ವಲ್ಪ ಹರಿದಿತ್ತು."

ಲೋವಿ ಸುಳ್ಳು ಹೇಳಬಹುದಿತ್ತು. ಹೇಳುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು, "ನಾನು ನನ್ನ ಮಗಳನ್ನೇ ನೋಡ್ತಿದ್ದೆ ಅಯ್ಯನವರೇ. ಬೇರೆಯವರ ಕಡೆ ಸರಿಯಾಗಿ ನೋಡಲಿಲ್ಲ," ಎಂದಳು.

ಅವರು ತಲೆಯಾಡಿಸಿದರು. ಮತ್ತೊಂದು ಸಲ ಹೇಳು, ನಿಧಾನವಾಗಿ ಎಂದರು. ಲೋವಿ ಮತ್ತೆ ಮರಳಿನಿಂದ ಶುರುಮಾಡಿದಳು.

ನಾನು ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಸೂರಿನಿಂದ ಎದ್ದು ಬಂದ ಸಭೆಯ ಹಿರಿಯನೊಬ್ಬ, ಒಳಗೆ ಹೆಂಗಸಿನ ದನಿ ಕೇಳಿ, ಏನು ನಡೆಯುತ್ತಿದೆ ಎಂದು ವಿಚಾರಿಸಿದ. ಪುಸ್ತಕ ಬರೆಸಿದವರಲ್ಲಿ ಅವನೂ ಒಬ್ಬ.

"ನಂಬಿಕೆಯ ಮಾತು ಹೇಳ್ತಾ ಇದ್ದಾಳೆ," ಎಂದೆ.

ಅವನು ಕೈಮುಗಿದು ನನ್ನ ಪಕ್ಕದಲ್ಲಿ ಕುಳಿತ. ಒಳಗೆ ಲೋವಿಯ ದನಿ ಏರದೆ ಇಳಿಯದೆ ಸಾಗಿತ್ತು. ಮಾತುಗಳು ಅವನಿಗೆ ಸ್ಪಷ್ಟವಾಗಿ ಕೇಳಿಸದಂತೆ ನಾನು ನನ್ನ ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡೆ.